ಮರದ ಡಬ್ಬಿಗೆ ಓಕೆ, ಫೋನ್‌ಗೆ ನಿಷೇಧ: ಟರ್ಕಿ ಕೋಳಿಯನ್ನು ಕರೆದವರ ಕಥೆ

ಇವತ್ತಿನ ಎಪಿಸೋಡ್ ಒಂದು ಸದ್ದಿನ ಬಗ್ಗೆ. ಇನ್ನೂ ಸರಿಯಾಗಿ ಹೇಳಬೇಕಂದ್ರೆ, ಒಂದು ಸುಳ್ಳು ಸದ್ದಿನ ಬಗ್ಗೆ.

ಅಮೆರಿಕದಲ್ಲಿ ಅಲಾಸ್ಕಾ ಬಿಟ್ಟು ಉಳಿದ 49 ರಾಜ್ಯಗಳಲ್ಲಿ ಲೈಸೆನ್ಸ್ ಪಡೆದವರು ಕಾಡು ಟರ್ಕಿ ಕೋಳಿಯನ್ನು ಬೇಟೆ ಆಡಬಹುದು. ಬಂದೂಕಿಗೆ ಅನುಮತಿ ಇದೆ. ಪೊದೆಯ ಜೊತೆ ಬೆರೆತು ಹೋಗುವ ಬಟ್ಟೆಗೂ ಅನುಮತಿ ಇದೆ. ಅಂಗೈ ಅಗಲದ ಮರದ ಡಬ್ಬಿಯನ್ನು ಉಜ್ಜಿ, ಹೇಟೆಯ ದನಿ ಹೊರಡಿಸಿ, ಹುಂಜವನ್ನು ಯಾಮಾರಿಸೋಕೂ ಅನುಮತಿ ಇದೆ. ಆದರೆ ಜೇಬಿನಿಂದ ಫೋನ್ ತೆಗೆದು ಅದೇ ಹೇಟೆಯ ರೆಕಾರ್ಡಿಂಗ್ ಹಾಕಿದರೆ? ಹೆಚ್ಚಿನ ರಾಜ್ಯಗಳಲ್ಲಿ ಅದು ಅಪರಾಧ.

ಎರಡೂ ಮೋಸವೇ ತಾನೆ? ಹಾಗಿದ್ದರೆ ಒಂದು ಯಾಕೆ ಸರಿ, ಇನ್ನೊಂದು ಯಾಕೆ ತಪ್ಪು? ಈ ಪ್ರಶ್ನೆ ಹಿಡಿದು ಹೊರಟ ನನಗೆ ಸಿಕ್ಕಿದ್ದು ನೂರಾರು ವರ್ಷಗಳ ಇತಿಹಾಸ. ಅದನ್ನೇ ಇವತ್ತು ನಿಮ್ಮ ಮುಂದೆ ಇಡ್ತಿದ್ದೀನಿ.

ಮೊದಲು ಹಕ್ಕಿ. ಹೆಸರು ಟರ್ಕಿ ಆದರೂ ಟರ್ಕಿ ದೇಶಕ್ಕೂ ಇದಕ್ಕೂ ಹುಟ್ಟಿನ ಸಂಬಂಧ ಇಲ್ಲ. ಇದು ಉತ್ತರ ಅಮೆರಿಕದ ಕಾಡಿನ ಹಕ್ಕಿ. ವಸಂತಕಾಲದ ನಸುಕಿನಲ್ಲಿ ಹುಂಜ ರಾತ್ರಿ ಕೂತಿದ್ದ ಕೊಂಬೆಯ ಮೇಲಿಂದಲೇ ಗಳಗಳಗಳ ಅಂತ ಕೂಗುತ್ತೆ. ಆ ಕೂಗು ಹಿಡಿದು ಹೇಟೆಗಳು ಅದರ ಹತ್ತಿರ ಬರ್ತವೆ. ಗಮನಿಸಿ, ಹೋಗಬೇಕಾದದ್ದು ಹೇಟೆ, ಕಾಯಬೇಕಾದದ್ದು ಹುಂಜ. ಬೇಟೆಗಾರ ಮಾಡೋದು ಇದನ್ನು ತಿರುಗುಮುರುಗು ಮಾಡುವ ಕೆಲಸ. ಮರಕ್ಕೆ ಬೆನ್ನು ಕೊಟ್ಟು ಅಲುಗಾಡದೆ ಕೂತು, "ನಾನು ಇಲ್ಲಿದ್ದೀನಿ" ಅಂತ ಹೇಟೆಯ ದನಿಯಲ್ಲಿ ಹೇಳ್ತಾನೆ. ಹುಂಜ ಉತ್ತರ ಕೊಡುತ್ತೆ, ಆದರೆ ಜಾಗ ಬಿಡಲ್ಲ. "ನೀನೇ ಬಾ" ಅನ್ನೋ ಹಾಗೆ. ಈಗ ಹೆಚ್ಚು ಕರೆದರೆ ಹುಂಜ ಇನ್ನೂ ಗಟ್ಟಿಯಾಗಿ ಅಲ್ಲೇ ನಿಂತುಬಿಡುತ್ತೆ. ಆದ್ದರಿಂದ ಪಳಗಿದವರು ನಾಲ್ಕು ಸಲ ಕರೆದು, ಅರ್ಧ ಗಂಟೆ ಬಾಯಿ ಮುಚ್ಚಿಕೊಂಡು ಕೂರ್ತಾರೆ. ಸುಮ್ಮನಿರೋದೂ ಒಂದು ಕರೆ.

ಕರೆಗಳಲ್ಲೂ ವ್ಯಾಕರಣ ಇದೆ. ಕ್ಯೋಂಕ್, ಕ್ಯೋಂಕ್, ಕ್ಯೋಂಕ್ ಅಂತ ಬರೋದು ಯೆಲ್ಪ್. ಇದು ದಿನನಿತ್ಯದ ಮಾತು. ಚುಟುಕಾಗಿ ಒಂದೇ ಕುಟುಕಿದ ಹಾಗೆ ಬರೋದು ಕ್ಲಕ್. ಮೇಯುವಾಗ ಗಂಟಲೊಳಗೇ ಗುರ್ರ್ ಅನ್ನೋದು ಪರ್. ಇನ್ನೊಂದಿದೆ, ಪಟ್. ಕ್ಲಕ್‌ನ ಹಾಗೇ ಕೇಳಿಸುತ್ತೆ, ಆದರೆ ಅರ್ಥ "ಅಪಾಯ, ಓಡು!" ಹೊಸಬರು ಕ್ಲಕ್ ಮಾಡಲು ಹೋಗಿ ಸ್ವಲ್ಪ ಒರಟಾದರೆ ಪಟ್ ಆಗಿಬಿಡುತ್ತೆ. ಹುಂಜ ಮಾಯ. ಒಂದು ಅಕ್ಷರ ತಪ್ಪಿದರೆ ಇಡೀ ಬೆಳಗ್ಗೆ ಹೋಯ್ತು.

ಇನ್ನು ಸಾಧನಗಳು. ಇದರಲ್ಲಿ ಅತಿ ಹಳೆಯದು ಟರ್ಕಿಯ ರೆಕ್ಕೆಯ ಮೂಳೆ. ಹೇಟೆಯ ರೆಕ್ಕೆಯ ಟೊಳ್ಳು ಮೂಳೆಗಳನ್ನು ಶುಚಿ ಮಾಡಿ, ಒಂದರೊಳಗೊಂದು ಕೂರಿಸಿದರೆ ಒಂದು ಪುಟ್ಟ ಕೊಳವೆ. ಅಮೆರಿಕದ ಮೂಲನಿವಾಸಿಗಳಿಂದ ಬಂದ ವಿದ್ಯೆ ಇದು. ಇದನ್ನು ಊದೋದಲ್ಲ, ತುಟಿಗೆ ಹಚ್ಚಿ ಗಾಳಿ ಒಳಗೆ ಹೀರೋದು. ಸದ್ದು ಚೆನ್ನಾಗಿ ದೂರ ಹೋಗುತ್ತೆ, ಆದರೆ ಕಲಿಯೋಕೆ ವರ್ಷಗಳು ಬೇಕು.

ಎರಡನೆಯದು ಡಬ್ಬಿ. ಅರ್ಕಾನ್ಸಾದ ಡಾರ್ಡನೆಲ್ ಊರಿನ ಹೆನ್ರಿ ಗಿಬ್ಸನ್ ಅನ್ನುವವರು 1897ರ ಜನವರಿಯಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ತೆಳು ಗೋಡೆಯ ಉದ್ದನೆ ಮರದ ಡಬ್ಬಿ, ಅದರ ಮೇಲೆ ಒಂದು ತುದಿಯಲ್ಲಿ ಸ್ಕ್ರೂ ಹಾಕಿ ಕೂರಿಸಿದ ಹಿಡಿ ಇರುವ ಮುಚ್ಚಳ. ಮುಚ್ಚಳದ ಕೆಳಭಾಗಕ್ಕೆ ಸೀಮೆಸುಣ್ಣ ಸವರಿ ಡಬ್ಬಿಯ ಅಂಚಿಗೆ ಉಜ್ಜಿದರೆ ಹೇಟೆ ಮಾತಾಡುತ್ತೆ. 1940ರ ದಶಕದಿಂದ ಅಲಬಾಮಾದ ಎಂ. ಎಲ್. ಲಿಂಚ್ "ಫೂಲ್ ಪ್ರೂಫ್" ಅನ್ನೋ ಹೆಸರಲ್ಲಿ ಇಂಥ ಡಬ್ಬಿಗಳನ್ನು ಊರೂರಿಗೆ ಒಯ್ದು ಮಾರಿದರು. ದಡ್ಡನೂ ನುಡಿಸಬಹುದು ಅನ್ನೋದು ಆ ಹೆಸರಿನ ಜಾಹೀರಾತು.

ಮೂರನೆಯದು ನಮಗೆಲ್ಲ ಗೊತ್ತಿರುವ ಜೋಡಿ, ಸ್ಲೇಟು ಮತ್ತು ಕಡ್ಡಿ. ದುಂಡನೆ ಬಟ್ಟಲಿನ ಮೇಲೆ ಕೂರಿಸಿದ ಸ್ಲೇಟಿನ ಬಿಲ್ಲೆ, ಅದನ್ನು ಗೀರೋಕೆ ಒಂದು ಮರದ ಕಡ್ಡಿ. ಶಾಲೆಯಲ್ಲಿ ಬಳಪ ಕೀರಿದಾಗ ಹಲ್ಲು ಜುಮ್ಮೆನ್ನುತ್ತಿತ್ತಲ್ಲ, ಆ ಸದ್ದಿನ ಸಭ್ಯ ತಂಗಿ ಇದು. ನಾಲ್ಕನೆಯದು ಬಾಯಿಯೊಳಗಿನ ಕಾಲ್. ಕುದುರೆ ಲಾಳದ ಆಕಾರದ ಪುಟ್ಟ ಚೌಕಟ್ಟು, ಅದಕ್ಕೆ ಬಿಗಿದ ತೆಳು ರಬ್ಬರ್ ಪೊರೆ. ನಾಲಿಗೆಯಿಂದ ಅಂಗುಳಕ್ಕೆ ಒತ್ತಿಕೊಂಡು ಉಸಿರು ಬಿಟ್ಟರೆ ಪೊರೆ ಅದುರುತ್ತೆ. ತೆಂಗಿನ ಗರಿಯ ಪೀಪಿ ಮಾಡಿದವರಿಗೆ ಇದರ ತತ್ವ ಹೇಳಿಕೊಡಬೇಕಿಲ್ಲ.

ಯಾವುದನ್ನು ಆರಿಸಬೇಕು? ಅದು ಹುಂಜ ಎಷ್ಟು ದೂರ ಇದೆ, ಗಾಳಿ ಹೇಗಿದೆ ಅನ್ನೋದರ ಮೇಲೆ ನಿಂತಿದೆ. ಗಾಳಿ ಜೋರಾಗಿದ್ದರೆ, ಹುಂಜ ದೂರ ಇದ್ದರೆ ಡಬ್ಬಿ. ಕಲಿಯೋದು ಸುಲಭ, ದನಿ ದೊಡ್ಡದು. ಆದರೆ ಮಳೆಗೆ ನೆನೆದರೆ ಮೂಕ. ಹುಂಜ ಹತ್ತಿರ ಬಂದಮೇಲೆ ಸ್ಲೇಟು, ಯಾಕಂದ್ರೆ ಪಿಸುಮಾತು ಅದರಲ್ಲಿ ಚೆನ್ನಾಗಿ ಬರುತ್ತೆ. ಆದರೆ ಇವೆರಡಕ್ಕೂ ಕೈ ಆಡಿಸಬೇಕು, ಟರ್ಕಿಯ ಕಣ್ಣು ಆ ಅಲುಗಾಟವನ್ನು ತಕ್ಷಣ ಹಿಡಿಯುತ್ತೆ. ಕೊನೆಯ ನಿಮಿಷಗಳಿಗೆ ಬಾಯಿಯ ಕಾಲ್ ಬೇಕು, ಅದು ಕೈಗಳನ್ನು ಬಿಡುವಾಗಿ ಇಡುತ್ತೆ. ಹಾಗಾಗಿ ಅನೇಕರ ಜೇಬಲ್ಲಿ ಮೂರೂ ಇರ್ತವೆ.

ಈಗ ಕಥೆಯ ಕಹಿ ಭಾಗಕ್ಕೆ ಬರೋಣ. ಟರ್ಕಿ ಕೊಲ್ಲೋಕೆ ಇಷ್ಟೆಲ್ಲ ಕಷ್ಟ ಪಡಬೇಕಾಗಿಯೇ ಇರಲಿಲ್ಲ. ಹಕ್ಕಿಗಳ ಚಿತ್ರಕಾರ ಆಡುಬಾನ್ 1831ರಲ್ಲಿ ಬರೆದ ಪುಸ್ತಕದಲ್ಲಿ ಮರದ ದಿಮ್ಮಿಗಳ ಬೋನಿನ ವಿವರ ಇದೆ. ನೆಲದಲ್ಲಿ ಒಂದು ಕಾಲುವೆ ತೋಡಿ, ಅದರುದ್ದಕ್ಕೂ ಜೋಳ ಚೆಲ್ಲಿ, ಬೋನಿನ ಒಳಗೆ ಕೊನೆ ಮಾಡ್ತಿದ್ದರು. ಕಾಳು ಹೆಕ್ಕುತ್ತಾ ತಲೆ ತಗ್ಗಿಸಿ ಒಳಬಂದ ಹಕ್ಕಿಗಳು, ಹೊರಗೆ ಹೋಗಲು ತಲೆ ಎತ್ತಿ ಮೇಲೆ ದಾರಿ ಹುಡುಕ್ತಿದ್ದವು. ಬಂದ ದಾರಿ ಕಾಲ ಬುಡದಲ್ಲೇ ತೆರೆದಿದ್ದರೂ ಕಾಣ್ತಿರಲಿಲ್ಲ. ಇದರ ಜೊತೆಗೆ ಬೆಳದಿಂಗಳ ರಾತ್ರಿ ಮರದ ಮೇಲೆ ಮಲಗಿದ ಹಿಂಡಿಗೆ ಗುಂಡು ಹಾರಿಸುವವರು, ಪೇಟೆಗೆ ಮಾಂಸ ಮಾರುವವರು, ಕಾಡನ್ನೇ ಕಡಿದು ಹೊಲ ಮಾಡಿದವರು. ಮ್ಯಾಸಚೂಸೆಟ್ಸ್‌ನಲ್ಲಿ ಕೊನೆಯ ಕಾಡು ಟರ್ಕಿ 1851ರಲ್ಲಿ ಸತ್ತಿತು. 1930ರ ದಶಕದ ಹೊತ್ತಿಗೆ ಇಡೀ ದೇಶದಲ್ಲಿ ಉಳಿದದ್ದು ಸುಮಾರು 2 ಲಕ್ಷ ಅನ್ನೋದು ಸಾಮಾನ್ಯವಾಗಿ ಹೇಳುವ ಅಂದಾಜು.

ಆ ಕಾಲದಲ್ಲಿ ಕರೆಯ ವಿದ್ಯೆಯಲ್ಲಿ ದೊಡ್ಡ ಹೆಸರು ಚಾರ್ಲ್ಸ್ ಜೋರ್ಡನ್. ಲೂಯಿಸಿಯಾನದಲ್ಲಿ ಒಂದು ರಕ್ಷಿತ ಕಾಡಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. 1909ರಲ್ಲಿ ಕಳ್ಳಬೇಟೆಗಾರನೊಬ್ಬ ಅವರನ್ನು ಕೊಂದ. ಅವರು ಬಿಟ್ಟುಹೋದ ಬರಹಗಳನ್ನು ಸೇರಿಸಿಕೊಂಡು ಎಡ್ವರ್ಡ್ ಮೆಕ್ಇಲ್ಹೆನ್ನಿ 1914ರಲ್ಲಿ ಟರ್ಕಿ ಬೇಟೆಯ ಬಗ್ಗೆ ಒಂದು ಪುಸ್ತಕ ತಂದರು. ಹೌದು, ಟಬಾಸ್ಕೊ ಸಾಸ್ ಮಾಡುವ ಅದೇ ಮನೆತನ. ಅದೇ 1914ರಲ್ಲಿ ಸಿನ್ಸಿನಾಟಿ ಮೃಗಾಲಯದಲ್ಲಿ ಮಾರ್ಥಾ ಅನ್ನೋ ಪಾರಿವಾಳ ಸತ್ತಿತು. ಒಂದು ಕಾಲಕ್ಕೆ ಆಕಾಶವನ್ನೇ ಮುಚ್ಚುತ್ತಿದ್ದ ಪ್ಯಾಸೆಂಜರ್ ಪಾರಿವಾಳಗಳಲ್ಲಿ ಅದೇ ಕೊನೆಯದು. ಟರ್ಕಿಯೂ ಅದೇ ದಾರಿಯಲ್ಲಿತ್ತು.

ಆಮೇಲೆ ಏನಾಯ್ತು? ಮೊದಲು ಸುಲಭದ ಉಪಾಯ ಮಾಡಿದರು. ಫಾರ್ಮ್‌ನಲ್ಲಿ ಮರಿ ಮಾಡಿಸಿ, ಸಾಕಿ, ಕಾಡಿಗೆ ಬಿಟ್ಟರು. ದಶಕಗಳ ಕಾಲ ಬಿಟ್ಟರು. ಹಕ್ಕಿಗಳು ಬದುಕಲಿಲ್ಲ. ನನಗೆ ಈ ಇಡೀ ಇತಿಹಾಸದಲ್ಲಿ ಮನಸ್ಸಿಗೆ ತಟ್ಟಿದ್ದು ಇದೇ. ಕಾಡಿನ ಮರಿ ತಾಯಿಯ ಜೊತೆ ಓಡಾಡುತ್ತಾ, ಯಾವ ಸದ್ದಿಗೆ ಹತ್ತಿರ ಬರಬೇಕು, ಯಾವುದಕ್ಕೆ ಅಡಗಬೇಕು ಅಂತ ಕಲಿಯುತ್ತೆ. ಫಾರ್ಮ್‌ನ ಮರಿಗೆ ಕಾಳು ಹಾಕುವವರು ಇದ್ದರು, "ಪಟ್" ಅಂತ ಎಚ್ಚರಿಸುವ ತಾಯಿ ಇರಲಿಲ್ಲ.

ದಾರಿ ತೆರೆದದ್ದು 1951ರಲ್ಲಿ. ದಕ್ಷಿಣ ಕೆರೊಲಿನಾದ ಫ್ರಾನ್ಸಿಸ್ ಮೇರಿಯನ್ ಕಾಡಿನಲ್ಲಿ, ಫಿರಂಗಿಯ ಹಾಗೆ ಸಿಡಿದು ಹರಡುವ ಬಲೆಯಿಂದ ಕಾಡು ಟರ್ಕಿಗಳನ್ನೇ ಜೀವಂತ ಹಿಡಿದರು. ಹಿಡಿದು, ಟರ್ಕಿ ಇಲ್ಲದ ಕಾಡಿಗೆ ಒಯ್ದು ಬಿಟ್ಟರು. ದುಡ್ಡಿನ ದೊಡ್ಡ ಪಾಲು ಬಂದದ್ದು 1937ರ ಒಂದು ಕಾನೂನಿನಿಂದ. ಬಂದೂಕು ಮತ್ತು ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೆ ಖರ್ಚು ಮಾಡಬೇಕು ಅನ್ನೋ ಕಾನೂನು ಅದು. ಮ್ಯಾಸಚೂಸೆಟ್ಸ್‌ಗೆ 1972 ಮತ್ತು 73ರಲ್ಲಿ ನ್ಯೂಯಾರ್ಕ್‌ನಿಂದ ತಂದು ಬಿಟ್ಟದ್ದು ಬರೀ 37 ಹಕ್ಕಿ. ಇವತ್ತು ಬಾಸ್ಟನ್ ಸುತ್ತಮುತ್ತಲ ಬೀದಿಗಳಲ್ಲಿ ಟರ್ಕಿಗಳು ಟ್ರಾಫಿಕ್ ನಿಲ್ಲಿಸ್ತವೆ, ಪೋಸ್ಟ್‌ಮ್ಯಾನ್ ಹಿಂದೆ ಓಡ್ತವೆ. ಈ ಶತಮಾನದ ಆರಂಭಕ್ಕೆ ದೇಶದಲ್ಲಿ ಟರ್ಕಿಗಳ ಸಂಖ್ಯೆ 60 ಲಕ್ಷ ದಾಟಿತ್ತು. ಇತ್ತೀಚೆಗೆ ದಕ್ಷಿಣದ ಕೆಲವು ರಾಜ್ಯಗಳಲ್ಲಿ ಮತ್ತೆ ಇಳಿಯುತ್ತಿದೆ, ಅಲ್ಲಿ ಬೇಟೆಯ ದಿನಗಳನ್ನು ಮುಂದೂಡಿದ್ದಾರೆ, ಮಿತಿ ಕಡಿಮೆ ಮಾಡಿದ್ದಾರೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಡಬ್ಬಿ ಸರಿ, ಫೋನ್ ಯಾಕೆ ತಪ್ಪು?

ಬೋನು ಹೇಟೆ, ಹುಂಜ, ಮರಿ ಅಂತ ನೋಡಲ್ಲ, ಹಿಂಡನ್ನೇ ನುಂಗುತ್ತೆ. ವಸಂತದಲ್ಲಿ ಹೇಟೆಯ ಕರೆಗೆ ಓಡಿ ಬರೋದು ಹೆಚ್ಚಾಗಿ ಹುಂಜ. ಮೊಟ್ಟೆ ಇಡುವ, ಕಾವು ಕೂರುವ ಹೇಟೆ ಉಳಿಯುತ್ತೆ. ಅದಕ್ಕೇ ವಸಂತದ ಬೇಟೆಯ ನಿಯಮಗಳು ಹುಂಜವನ್ನೇ ಗುರಿ ಮಾಡ್ತವೆ. ಎರಡನೆಯದು, ಕಲಿಯುವ ಕಷ್ಟ. ಡಬ್ಬಿ ಉಜ್ಜುವವನು ತಪ್ಪು ಮಾಡ್ತಾನೆ, ಆ ತಪ್ಪೇ ಹಕ್ಕಿಯ ಅವಕಾಶ. ಫೋನ್ ತಪ್ಪು ಮಾಡಲ್ಲ, ಸುಸ್ತಾಗಲ್ಲ, ನಾಚಿಕೆಪಡಲ್ಲ. ಅಮೆರಿಕನ್ನರು 1935ರಲ್ಲೇ ಬಾತುಕೋಳಿ ಬೇಟೆಗೆ ಸಾಕಿದ ಬಾತುಗಳನ್ನು ಕಟ್ಟಿಹಾಕಿ ಕರೆಸೋದನ್ನು ನಿಷೇಧಿಸಿದ್ದರು. ಕಾರಣ ಒಂದೇ, ಅದು ಅತಿಯಾಗಿ ಕೆಲಸ ಮಾಡ್ತಿತ್ತು. ನನಗೆ ಅನ್ನಿಸೋದು ಇಷ್ಟು: ಈ ಕಾನೂನುಗಳು ಮೋಸವನ್ನು ತಡೆದಿಲ್ಲ, ಮೋಸಕ್ಕೆ ಒಂದು ಅಳತೆ ಇಟ್ಟಿವೆ.

ಇದು ನಮಗೆ ಹೊಸದೇನಲ್ಲ. ಕಾಡಿನ ಪ್ರಾಣಿಯನ್ನು ಸೆಳೆಯಲು ಬಳಸುವ ಸಾಕಿದ ಪ್ರಾಣಿಗೆ ಹಳಗನ್ನಡದಲ್ಲಿ 'ದೀವ' ಅನ್ನೋ ಪದವೇ ಇದೆ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ನೆನಪಿರಬೇಕು. ಜವಳಗಿರಿಯ ನರಭಕ್ಷಕಿಯನ್ನು ಅವರು ಗಂಡುಹುಲಿಯ ಹಾಗೆ ಕೂಗಿಯೇ ಹತ್ತಿರ ಕರೆಸಿದ್ದು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಆ ಅಧ್ಯಾಯ ಮುಗಿಯಿತು.

ಆದರೆ ಕರೆ ಮುಗಿದಿಲ್ಲ. ಈಗ ಅದು ನಮ್ಮ ಫೋನ್‌ನಲ್ಲಿದೆ. ದಾಂಡೇಲಿಗೋ ಕೊಡಗಿಗೋ ಕ್ಯಾಮೆರಾ ಹಿಡಿದು ಹೋದವರು, ಹಕ್ಕಿ ಕಾಣದಿದ್ದಾಗ ಅದರ ಕೂಗನ್ನು ಸ್ಪೀಕರ್‌ನಲ್ಲಿ ಹಾಕ್ತಾರೆ. ಎದುರಾಳಿ ಬಂತು ಅಂದುಕೊಂಡು ಗಂಡುಹಕ್ಕಿ ಓಡೋಡಿ ಬರುತ್ತೆ, ಫೋಟೋ ಸಿಗುತ್ತೆ. ಗೂಡು ಕಟ್ಟುವ ಕಾಲದಲ್ಲಿ ಅದು ಮರಿಗೆ ಉಣಿಸೋದು ಬಿಟ್ಟು ಇಲ್ಲದ ಶತ್ರುವನ್ನು ಹುಡುಕ್ತಿರುತ್ತೆ. ಹಿಂದೆಯೇ ಇನ್ನೊಂದು ಗುಂಪು ಬರುತ್ತೆ, ಮತ್ತೆ ಅದೇ ಪ್ಲೇ ಬಟನ್.

ಬಂದೂಕು ಹಿಡಿದವರು ಫೋನ್ ಒಳಗಿಡಬೇಕು ಅಂತ ಕಾನೂನು ಮಾಡಿಕೊಂಡರು. ನಮ್ಮ ಕೈಯಲ್ಲಿರೋದು ಕ್ಯಾಮೆರಾ ಅಷ್ಟೇ. ಮುಂದಿನ ಸಲ ಕಾಡಿಗೆ ಹೋದಾಗ ಆ ಆಪ್‌ನಿಂದ ಕೂಗು ಗುರುತಿಸೋದನ್ನು ಕಲಿಯಿರಿ, ಕೂಗು ಹಾಕೋದು ಬೇಡ. ಅರ್ಧ ಗಂಟೆ ಮರಕ್ಕೆ ಬೆನ್ನು ಕೊಟ್ಟು ಸುಮ್ಮನೆ ಕೂತು ನೋಡಿ.

ಮುಂದಿನ ವಾರ ಸಿಗೋಣ.