ಅಂಗೈಯ ಸರಸ್ವತಿ, ಪತ್ರದ ಬಿ2

ಹೈದರಾಬಾದಿನಲ್ಲಿ ಅಂಕಪಟ್ಟಿಗೆ ‘ಮೆಮೊ’ ಎನ್ನುತ್ತಾರೆ. ‘ಮಾರ್ಕ್ಸ್ ಕಾರ್ಡ್’ ಎಂಬ ಮಾತಿನೊಂದಿಗೇ ರಾಯಚೂರಿನಲ್ಲಿ ಬೆಳೆದು, ಕೇಂದ್ರ ಸರ್ಕಾರದ ನೌಕರಿಯ ನಿಮಿತ್ತ ಇಲ್ಲಿಗೆ ಬಂದು ನೆಲೆಸಿದ ನಮಗೆ ಮೊದಮೊದಲು ಆ ಪದ ಕಿವಿಗೆ ಬಿದ್ದಾಗ ಎದೆ ಧಸಕ್ಕೆನ್ನುತ್ತಿತ್ತು. ಕಚೇರಿಯಲ್ಲಿ ಮೆಮೊ ಎಂದರೆ ತಪ್ಪಿಗೆ ಸಮಜಾಯಿಷಿ ಕೇಳುವ ಕಾಗದ. ನೆರೆಮನೆಯ ತಾಯಿಯೊಬ್ಬರು ಮಗನಿಗೆ ಮೆಮೊ ಬಂತೆಂದು ಸಿಹಿ ಹಂಚಿದ ದಿನ ನಾವು ಸ್ವಲ್ಪ ಹೊತ್ತು ಗಲಿಬಿಲಿಗೊಂಡೇ ಪೇಡೆ ತಿಂದೆವು.

2013ರಲ್ಲಿ ನಮ್ಮ ಮಗಳು ಆರನೆಯ ತರಗತಿಯಲ್ಲಿದ್ದಳು. ಆ ವರ್ಷ ಅವಳು ತಂದ ಪ್ರಗತಿಪತ್ರದಲ್ಲಿ ಅಂಕಗಳಿರಲಿಲ್ಲ. ಗಣಿತದ ಎದುರು ‘ಬಿ2’ ಎಂದಿತ್ತು. ಆ ರಾತ್ರಿ ನಾವು ಮಾಡಿದ ಮೊದಲ ಕೆಲಸವೆಂದರೆ ಬಿ2 ಎಂದರೆ ಎಷ್ಟು ಎಂದು ಹುಡುಕಿದ್ದು. ಅರವತ್ತೊಂದರಿಂದ ಎಪ್ಪತ್ತು ಎಂದು ತಿಳಿಯಿತು. ಹಾಗಾದರೆ ಅರವತ್ತೊಂದೋ, ಎಪ್ಪತ್ತೋ? ಮಗಳ ಕಿರುಪರೀಕ್ಷೆಯ ಹಾಳೆಗಳನ್ನೆಲ್ಲ ಹರಡಿಕೊಂಡು ಕೂಡಿ ಕಳೆದು, ಅರವತ್ತೆಂಟು ಇರಬಹುದೆಂದು ಸಮಾಧಾನಪಟ್ಟುಕೊಂಡು ಮಲಗಿದೆವು. ಪತ್ರದ ಒಳಪುಟದಲ್ಲಿ ಅವಳ ಬಗ್ಗೆ ಒಂದು ವಾಕ್ಯವಿತ್ತು. ಅದನ್ನು ಓದಿದೆವೋ ಇಲ್ಲವೋ ಎಂಬುದು ಇಂದಿಗೂ ನೆನಪಾಗುತ್ತಿಲ್ಲ. ಆ ವಾಕ್ಯದ ವಿಚಾರಕ್ಕೆ ಮುಂದೆ ಬರುತ್ತೇವೆ.

ಮಗು ಶಾಲೆಯಲ್ಲಿ ಏನು ಕಲಿಯುತ್ತಿದೆ ಎಂಬುದನ್ನು ಹೆತ್ತವರು ತಿಳಿಯುವ ಬಗೆಗೂ ಒಂದು ಇತಿಹಾಸವಿದೆ. ನಮ್ಮ ನಾಡಿನ ಮಟ್ಟಿಗೆ ಅದರ ಒಳ್ಳೆಯ ದಾಖಲೆಯೊಂದು ಬಳ್ಳಾರಿಯಿಂದ ಸಿಗುತ್ತದೆ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಪ್ರಾಂತ್ಯದ ದೇಶೀಯ ಶಾಲೆಗಳ ವಿವರ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ದೀರ್ಘವಾದ ಉತ್ತರ ಬರೆದ. ಜಿಲ್ಲೆಯಲ್ಲಿದ್ದ ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಪಾರ್ಸಿ, ಸಂಸ್ಕೃತ, ತಮಿಳು. ಇಂಗ್ಲಿಷಿನದು ಒಂದೇ ಒಂದು. ಕಲಿಯುತ್ತಿದ್ದ ಮಕ್ಕಳು 6,641. ಒಂಬತ್ತು ಲಕ್ಷ ಮೀರಿದ ಜನಸಂಖ್ಯೆಗೆ ಇದು ತೀರ ಕಡಿಮೆ, ಹುಡುಗಿಯರಂತೂ ಬೆರಳೆಣಿಕೆಯಷ್ಟು. ಆದ್ದರಿಂದ ಆ ಶಾಲೆಗಳನ್ನು ಸುವರ್ಣಯುಗವೆಂದು ಹೊಗಳುವ ಉದ್ದೇಶ ನಮಗಿಲ್ಲ. ಆದರೆ ಅಲ್ಲಿನ ದಿನಚರಿಯ ವರ್ಣನೆ ಓದಿದಾಗ ನಮಗೆ ಬೇರೊಂದು ಸಂಗತಿ ಕಂಡಿತು.

ಮಕ್ಕಳು ಬೆಳಿಗ್ಗೆ ಆರಕ್ಕೆ ಶಾಲೆಗೆ ಬರಬೇಕು. ಮೊದಲು ಬಂದವನ ಅಂಗೈ ಮೇಲೆ ಗೌರವದ ಗುರುತಾಗಿ ಸರಸ್ವತಿಯ ಹೆಸರು. ಎರಡನೆಯವನ ಅಂಗೈಗೆ ಒಂದು ಸೊನ್ನೆ; ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬರುತ್ತ ಬರುತ್ತ ಏರಿಕೆ. ಸಂಜೆ ಮನೆಗೆ ಬಂದ ಮಗನ ಅಂಗೈ ನೋಡಿದ ತಾಯಿಗೆ ಬೇರೆ ಪ್ರಗತಿಪತ್ರ ಬೇಕಿರಲಿಲ್ಲ. ಆದರೆ ಅಂಗೈ ಹೇಳುತ್ತಿದ್ದುದು ಅವನು ಎಷ್ಟು ಹೊತ್ತಿಗೆ ಎದ್ದ ಎಂಬುದನ್ನು ಮಾತ್ರ. ಕಲಿತದ್ದರ ಅಳತೆಯ ವಿಧಾನವೇ ಬೇರೆ ಇತ್ತು. ಮಗು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಬೇಕು. ಅದು ಕೂಡಿಬಂದ ಮೇಲೆ ಓಲೆ, ಹಲಗೆ, ಕಡತ. ಒಂದನ್ನು ಮುಗಿಸದೆ ಇನ್ನೊಂದಕ್ಕೆ ಹೋಗುವಂತಿಲ್ಲ. ವಯಸ್ಸು ಎಷ್ಟಾದರೂ ಇರಲಿ, ಕಲಿತಷ್ಟಕ್ಕೆ ಮೇಲಿನ ಗುಂಪು. ಹುಡುಗನ ಕೈಯಲ್ಲಿ ಕಡತ ಕಂಡರೆ ಅವನು ಎಲ್ಲಿಯವರೆಗೆ ಬಂದಿದ್ದಾನೆಂಬುದು ಓದು ಬಾರದ ಅಪ್ಪನಿಗೂ ತಿಳಿಯುತ್ತಿತ್ತು. ಮಗ್ಗಿ ಹೇಳಿಸಿದರೆ ಅಜ್ಜಿಯೇ ಪರೀಕ್ಷಕಿ.

ಕಡತವೆಂದರೆ ಗಂಜಿ ಹಾಕಿ ಗಡುಸುಗೊಳಿಸಿ, ಇದ್ದಿಲು ಮತ್ತು ಅಂಟು ಬಳಿದು, ಪುಸ್ತಕದಂತೆ ಮಡಿಸಿದ ಬಟ್ಟೆ. ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರೆಸಬಹುದು. ಇಂದು ಕಚೇರಿಯ ಫೈಲನ್ನು ನಾವು ಕಡತವೆಂದು ಕರೆಯುತ್ತೇವೆ. ಒರೆಸಲು ಬರುವ ವಸ್ತುವಿನ ಹೆಸರು ಒರೆಸಲೇ ಬಾರದ ವಸ್ತುವಿಗೆ ಹೇಗೆ ಅಂಟಿಕೊಂಡಿತೋ!

ಈ ಪದ್ಧತಿಯ ದೊಡ್ಡ ಕುಂದನ್ನೂ ಕ್ಯಾಂಪ್‌ಬೆಲ್ ಗುರುತಿಸಿದ್ದಾನೆ. ಮಕ್ಕಳು ಪದ್ಯಗಳನ್ನು ಗಿಳಿಯಂತೆ ಒಪ್ಪಿಸುತ್ತಿದ್ದರೇ ಹೊರತು ಅರ್ಥ ಬಲ್ಲವರಾಗಿರಲಿಲ್ಲ. ಹೆತ್ತವರು ಕೇಳಿ ಸಂತೋಷಪಡುತ್ತಿದ್ದುದೂ ಆ ಒಪ್ಪಿಸುವಿಕೆಯನ್ನೇ. ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಗುರುತು ಇದ್ದ ಮಾತ್ರಕ್ಕೆ ಒಳಗಿನದು ತಿಳಿಯುತ್ತದೆಂದು ಆಗಲೂ ಹೇಳುವಂತಿರಲಿಲ್ಲ.

ಮುಂದಿನ ಅಧ್ಯಾಯಕ್ಕೆ ಇಂಗ್ಲೆಂಡಿಗೆ ಹೋಗಿ ಬರಬೇಕು. ಅಲ್ಲಿ 1862ರಲ್ಲಿ ರಾಬರ್ಟ್ ಲೋ ಎಂಬಾತ ಜಾರಿಗೆ ತಂದ ಪರಿಷ್ಕೃತ ಸಂಹಿತೆಯ ಪ್ರಕಾರ ಓದು, ಬರಹ, ಲೆಕ್ಕಗಳಲ್ಲಿ ಆರು ಮಟ್ಟಗಳನ್ನು ನಿಗದಿಪಡಿಸಲಾಯಿತು. ಅವುಗಳ ಹೆಸರು ‘ಸ್ಟ್ಯಾಂಡರ್ಡ್’. ಇನ್‌ಸ್ಪೆಕ್ಟರ್ ಬಂದು ಪ್ರತಿ ಮಗುವನ್ನೂ ಅದರ ಮಟ್ಟದಲ್ಲಿ ಪರೀಕ್ಷಿಸುತ್ತಿದ್ದ. ತೇರ್ಗಡೆಯಾದಷ್ಟೂ ಶಾಲೆಗೆ ಅನುದಾನ. ‘ಫಲಿತಾಂಶಕ್ಕೆ ಹಣ’ ಎಂಬ ಈ ಪದ್ಧತಿ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಬಳ್ಳಾರಿ 1953ರವರೆಗೂ ಆ ಪ್ರಾಂತ್ಯದ ಭಾಗವಾಗಿದ್ದುದನ್ನು ಓದುಗರು ಬಲ್ಲರು. ಇಂದು ನಾವು ‘ಮಗ ಸೆವೆಂತ್ ಸ್ಟ್ಯಾಂಡರ್ಡ್’ ಎನ್ನುವಾಗ ಬಳಸುವುದು ಆ ಪದವನ್ನೇ. ಮೂಲದಲ್ಲಿ ಅದು ಮಗು ಮುಟ್ಟಬೇಕಾದ ಕಲಿಕೆಯ ಮಟ್ಟ. ನಮ್ಮ ಬಾಯಲ್ಲಿ ಅದು ಮಗು ಕೂರುವ ಕೋಣೆ. ಈ ವ್ಯತ್ಯಾಸ ಚಿಕ್ಕದಲ್ಲ. ಮಟ್ಟದ ಲೆಕ್ಕ ಇನ್‌ಸ್ಪೆಕ್ಟರನ ಪುಸ್ತಕಕ್ಕೆ ಸೇರಿತು. ಮನೆಗೆ ಬಂದದ್ದು ಪಾಸು, ಫೇಲು ಎಂಬ ಎರಡೇ ಮಾತು.

ನಿಜಾಮರ ರಾಜ್ಯದಲ್ಲಿ ನಮ್ಮ ಹಿರಿಯರಿಗೆ ಇನ್ನೊಂದು ತೊಡಕಿತ್ತು. ತಹತಾನಿಯಾ, ವಸ್ತಾನಿಯಾ, ಫೌಕಾನಿಯಾ ಎಂದು ಶಾಲೆಗಳ ಮೂರು ಮೆಟ್ಟಿಲು. ಮೇಲೆ ಹೋದಂತೆ ಭಾಷೆ ಉರ್ದು; 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ರಾಯಚೂರಿನ ಕಡೆಯ ಕನ್ನಡ ರೈತನ ಮಗನ ಫಲಿತಾಂಶ ಅಪ್ಪ ಓದಲಾರದ ಲಿಪಿಯಲ್ಲಿ ಬರುತ್ತಿತ್ತು. ನಮ್ಮ ಅಜ್ಜ ನಗುತ್ತ ಹೇಳುತ್ತಿದ್ದ ಸಂಗತಿಯಿದು: ‘ನತೀಜಾ’ ಬಂದ ದಿನ ಮುತ್ತಜ್ಜ ಕಟ್ಟೆಯ ಮೇಲೆ ಕೂತು, ‘ಏನ್ ಬರದಾರ ಓದಪಾ’ ಎನ್ನುತ್ತಿದ್ದರಂತೆ. ಅಜ್ಜ ಓದುತ್ತಿದ್ದರು. ಇದ್ದುದನ್ನೂ ಓದುತ್ತಿದ್ದರು, ಇಲ್ಲದ್ದನ್ನೂ ಓದುತ್ತಿದ್ದರು. ಒಮ್ಮೆ ಮುತ್ತಜ್ಜ ಆ ಕಾಗದವನ್ನು ಪಟವಾರಿಯ ಬಳಿ ಒಯ್ದರು. ಅಂದು ಅಜ್ಜನಿಗೆ ಉಣ್ಣಲು ಸಿಗಲಿಲ್ಲ. ನಕ್ಕು ಮುಗಿಸಿದ ಮೇಲೆ ಅಜ್ಜ ಸೇರಿಸುತ್ತಿದ್ದ ಮಾತೊಂದಿತ್ತು: ಅಪ್ಪನಿಗಿಂತ ತಾನು ಹೆಚ್ಚು ಬಲ್ಲೆನೆಂಬ ನಾಚಿಕೆ ತನ್ನನ್ನು ಬಹಳ ದಿನ ಕಾಡಿತ್ತು ಎಂದು. ಇಂದು ಹೈದರಾಬಾದಿನ ಕಟ್ಟಡಗಳ ಕಾವಲಿಗೆ, ಮನೆಗೆಲಸಕ್ಕೆ ಬಂದ ನಮ್ಮ ಕಡೆಯ ಜನರ ಮಕ್ಕಳು ಇಂಗ್ಲಿಷಿನ ಪ್ರಗತಿಪತ್ರವನ್ನು ಅವ್ವಂದಿರಿಗೆ ಓದಿ ಹೇಳುವುದನ್ನು ಕಂಡಾಗಲೆಲ್ಲ ನಮಗೆ ಆ ಕಟ್ಟೆ ನೆನಪಾಗುತ್ತದೆ.

ಸ್ವಾತಂತ್ರ್ಯದ ನಂತರ ಆಯೋಗಗಳು, ವರದಿಗಳು ಹಲವು ಬಂದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಅಂಕಗಳ ಬದಲು ಶ್ರೇಣಿ ಕೊಡಬೇಕೆಂದಿತು. 1990ರ ದಶಕದಲ್ಲಿ ‘ಕನಿಷ್ಠ ಕಲಿಕಾ ಮಟ್ಟ’ಗಳ ಪಟ್ಟಿ ಬಂತು; ಆ ಕಾಲದ ಶಿಕ್ಷಕರು ‘ಎಂ.ಎಲ್.ಎಲ್.’ ಎಂದು ನೆನೆಯುವುದು ಇದನ್ನೇ. ಇವುಗಳಲ್ಲಿ ನಮಗೆ ಹೆಚ್ಚು ಮೆಚ್ಚುಗೆಯಾಗುವುದು ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಿಕ್ಷಕರು ಚಿತ್ತೂರು ಜಿಲ್ಲೆಯ ರಿಷಿ ವ್ಯಾಲಿಗೆ ಹೋಗಿ ನೋಡಿ ಬಂದು ತಮ್ಮ ಶಾಲೆಗಳಿಗೆ ಒಗ್ಗಿಸಿಕೊಂಡ ಪದ್ಧತಿಯಿದು. ಪಾಠಗಳನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದು ಗೋಡೆಯ ಮೇಲೆ ‘ಕಲಿಕಾ ಏಣಿ’ ಬರೆದರು. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದನ್ನು ಮಗುವೇ ಗುರುತಿಸಬಹುದು. ಬಾಗಿಲಲ್ಲಿ ನಿಂತ ತಾಯಿಯೂ ನೋಡಬಹುದು. ಬಳ್ಳಾರಿಯ ಮರಳು, ಹಲಗೆ, ಕಡತಗಳ ಕ್ರಮ ನೂರೆಪ್ಪತ್ತು ವರ್ಷಗಳ ಮೇಲೆ ಬೇರೆ ದಾರಿಯಿಂದ, ಅಂಗೈ ಏಟುಗಳಿಲ್ಲದೆ, ಮರಳಿದಂತೆ ನಮಗೆ ತೋರುತ್ತದೆ.

ನಮ್ಮ ಮಗಳ ಪಾಲಿಗೆ ಬಂದದ್ದು ಬೇರೊಂದು. ಸಿಬಿಎಸ್‌ಇ 2009ರಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ತಂದಿತು. ಮರುವರ್ಷ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯೂ ಅದನ್ನೇ ಹೇಳಿತು. ಎ1ರಿಂದ ಇ2ವರೆಗೆ ಒಂಬತ್ತು ಶ್ರೇಣಿಗಳು. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಪರೀಕ್ಷೆ, ಎರಡು ಸಂಕಲನಾತ್ಮಕ ಪರೀಕ್ಷೆ. ಜೊತೆಗೆ ಆಲೋಚನೆ, ಬೆರೆಯುವಿಕೆ, ಭಾವನೆಗಳ ನಿಭಾಯಿಸುವಿಕೆ ಇತ್ಯಾದಿಗಳ ಬಗ್ಗೆ ಶಿಕ್ಷಕರು ಒಂದೊಂದು ವಾಕ್ಯ ಬರೆಯಬೇಕು. ಉದ್ದೇಶ ಚೆನ್ನಾಗಿತ್ತು. ಆದರೆ ನಲವತ್ತು ಮಕ್ಕಳಿಗೆ ಹತ್ತಾರು ವಾಕ್ಯ ಬರೆಯುವ ಶಿಕ್ಷಕಿಯ ಪಾಡು ಯೋಚಿಸಿ! ಮಾದರಿ ವಾಕ್ಯಗಳ ಪಟ್ಟಿಯಿಂದ ಹೆಕ್ಕಿ ಹಾಕುವ ರೂಢಿ ಬಂತು. ಎಲ್ಲ ಮಕ್ಕಳೂ ಒಂದೇ ಬಗೆಯಲ್ಲಿ ಒಳ್ಳೆಯವರಾದರು. ನಾವೂ ಆ ಪುಟವನ್ನು ಮಗುಚತೊಡಗಿದೆವು.

ಅದೇ ಹೊತ್ತಿಗೆ ಕೇಂದ್ರ ಸರ್ಕಾರದ ನೌಕರರಾದ ನಮ್ಮ ಮೌಲ್ಯಮಾಪನವೂ ಬದಲಾಗುತ್ತಿತ್ತು. ಗೋಪ್ಯ ವರದಿಯಲ್ಲಿ ಪ್ರತಿಕೂಲ ಮಾತಿದ್ದರೆ ಮಾತ್ರ ನೌಕರನಿಗೆ ತಿಳಿಸುವುದು ಹಳೆಯ ಪದ್ಧತಿ. ದೇವ್ ದತ್ ಎಂಬ ಎಂಜಿನಿಯರರಿಗೆ ಒಂದು ವರ್ಷ ‘ಉತ್ತಮ’ ಎಂದು ಬರೆದಿದ್ದರು. ಬಡ್ತಿಗೆ ಬೇಕಿದ್ದದ್ದು ‘ಅತ್ಯುತ್ತಮ’. ‘ಉತ್ತಮ’ ಪ್ರತಿಕೂಲವಲ್ಲವಾದ್ದರಿಂದ ಅವರಿಗೆ ತಿಳಿಸಿರಲಿಲ್ಲ, ಬಡ್ತಿಯೂ ಸಿಗಲಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟು ಪ್ರತಿಯೊಂದು ನಮೂದನ್ನೂ ತಿಳಿಸಬೇಕೆಂದು ತೀರ್ಪಿತ್ತಿತು. ಮರುವರ್ಷದಿಂದ ಇಡೀ ವರದಿ ನಮ್ಮ ಕೈಗೆ ಬರತೊಡಗಿತು. ಅದರಲ್ಲಿ ನಾವು ಮೊದಲು ನೋಡುವುದು ಕೊನೆಯ ಅಂಕಿಯನ್ನು. ಮೇಲಧಿಕಾರಿ ಬರೆದ ಷರಾ ಓದುವುದು ಆಮೇಲೆ, ಅಂಕಿ ಕಡಿಮೆಯಿದ್ದರೆ ಮಾತ್ರ.

ಈ ನಗರವಂತೂ ಶ್ರೇಣಿಯನ್ನು ಬಹುಬೇಗ ಅಂಕವನ್ನಾಗಿ ಕರಗಿಸಿಕೊಂಡಿತು. ಅವಿಭಜಿತ ಆಂಧ್ರಪ್ರದೇಶ 2012ರಲ್ಲಿ ಹತ್ತನೆಯ ತರಗತಿಗೆ ಶ್ರೇಣಿ ತಂದಾಗ ಪೈಪೋಟಿ ತಗ್ಗಲೆಂಬುದೇ ಆಶಯ. ಹತ್ತಕ್ಕೆ ಹತ್ತು ಪಡೆದ ಮಕ್ಕಳ ಪುಟ್ಟ ಪುಟ್ಟ ಭಾವಚಿತ್ರಗಳು ದಿಲ್‌ಸುಖ್‌ನಗರದ ಫಲಕಗಳನ್ನು ತುಂಬಿದವು. ಮೊದಲು ಮೊದಲ ಸ್ಥಾನ ಒಬ್ಬನಿಗಿತ್ತು; ಈಗ ನೂರಾರು ಮಕ್ಕಳು ಒಂದೇ ಫಲಕದಲ್ಲಿ ಗುರುತು ಹಿಡಿಯಲಾಗದಷ್ಟು ಚಿಕ್ಕದಾಗಿ ನಿಂತರು. ಸಿಬಿಎಸ್‌ಇ ಪೋಷಕರಾದ ನಾವು 9.5ರಿಂದ ಗುಣಿಸಿ ಶೇಕಡಾವಾರು ತೆಗೆಯುವುದನ್ನು ಕಲಿತೆವು. ಕನ್ನಡ ಸಂಘದ ಯುಗಾದಿ ಊಟದಲ್ಲೂ ಆ ಗುಣಾಕಾರ ನಡೆಯುತ್ತಿತ್ತು. ಬೇರೆಯವರನ್ನು ದೂರುವಂತಿಲ್ಲ, ಮೊಬೈಲು ತೆಗೆದು ಗುಣಿಸುತ್ತಿದ್ದವರು ನಾವೇ.

ಈಗ ಆ ವಾಕ್ಯ. ಮಗಳು ಎಂಟನೆಯ ತರಗತಿಯಲ್ಲಿದ್ದಾಗ ಗಣಿತದ ಶ್ರೇಣಿ ಸಿ1ಕ್ಕೆ ಇಳಿಯಿತು. ಟ್ಯೂಷನ್ ಹುಡುಕುವ ಭರದಲ್ಲಿ ಹಳೆಯ ಪತ್ರಗಳನ್ನು ತೆಗೆದಾಗ ಆರನೆಯ ತರಗತಿಯ ಒಳಪುಟ ಕಣ್ಣಿಗೆ ಬಿತ್ತು. ಅವಳು ಹೇಳಿದ್ದನ್ನು ಗ್ರಹಿಸುತ್ತಾಳೆ, ಆದರೆ ತಿಳಿಯದ್ದನ್ನು ಕೇಳಲು ಹಿಂಜರಿಯುತ್ತಾಳೆ, ಮನೆಯಲ್ಲಿ ಪ್ರೋತ್ಸಾಹ ಬೇಕು ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಅಲ್ಲಿತ್ತು. ಏಳನೆಯ ತರಗತಿಯ ಪತ್ರದಲ್ಲೂ ಅದೇ ಮಾತು ಬೇರೆ ಕೈಬರಹದಲ್ಲಿ. ಯಾರೋ ಇಬ್ಬರು ಶಿಕ್ಷಕಿಯರು ಸಿದ್ಧ ಪಟ್ಟಿಯನ್ನು ಬಿಟ್ಟು ನಮ್ಮ ಮಗುವನ್ನು ನೋಡಿ ಬರೆದಿದ್ದರು. ಎರಡೂ ಪತ್ರಗಳ ಕೆಳಗೆ ಪೋಷಕರ ಸಹಿ ಇತ್ತು, ನಮ್ಮದೇ.

ಸಿಬಿಎಸ್‌ಇ 2018ರಿಂದ ಹತ್ತನೆಯ ತರಗತಿಗೆ ಬೋರ್ಡ್ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು. ತೆಲಂಗಾಣದ ಹತ್ತನೆಯ ತರಗತಿಯ ಮೆಮೊದಲ್ಲಿ 2025ರಲ್ಲಿ ಅಂಕಗಳು ಮರಳಿದವು. ಬಹುಪಾಲು ಪೋಷಕರು ನಿಟ್ಟುಸಿರು ಬಿಟ್ಟರು. 2020ರ ಶಿಕ್ಷಣ ನೀತಿ ಹೇಳುವ ಸಮಗ್ರ ಪ್ರಗತಿಪತ್ರದಲ್ಲಿ ಮಗುವೂ ತನ್ನ ಬಗ್ಗೆ ತಾನೇ ಬರೆದುಕೊಳ್ಳಬೇಕಂತೆ, ಸಹಪಾಠಿಗಳೂ ಬರೆಯಬೇಕಂತೆ. ಓದುವವರು ಯಾರೆಂಬುದೇ ನಮ್ಮ ಚಿಂತೆ.

ಇನ್ನೊಂದು ಮಾತು, ಹೊರನಾಡಿನಲ್ಲಿರುವ ನಮ್ಮಂಥವರದ್ದು. ಕಾಚಿಗುಡದ ನೃಪತುಂಗ ಶಾಲೆಗೆ ಕಳಿಸದ ನಮ್ಮ ಬಹುಪಾಲು ಮಕ್ಕಳ ಪತ್ರದಲ್ಲಿ ಇಂಗ್ಲಿಷ್ ಇದೆ, ಹಿಂದಿ ಇದೆ, 2018ರ ಕಾಯ್ದೆಯ ತರುವಾಯ ತೆಲುಗು ಇದೆ, ಕನ್ನಡಕ್ಕೆ ಅಂಕಣವಿಲ್ಲ. ಎಂಟನೆಯ ತರಗತಿಯ ಆ ಬೇಸಿಗೆಯಲ್ಲಿ ಟ್ಯೂಷನ್ ವಿಚಾರ ಬಿಟ್ಟು, ಮಗಳನ್ನು ರಾಯಚೂರಿನ ಅಜ್ಜಿಯ ಬಳಿ ಒಂದು ತಿಂಗಳು ಬಿಟ್ಟೆವು. ಅಜ್ಜಿ ಪ್ರತಿ ಸಂಜೆ ದಿನಪತ್ರಿಕೆಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿಸಿ, ‘ತಿಳಿಲಿಲ್ಲಂದ್ರ ಕೇಳವ್ವ, ನಂಗೂ ಎಷ್ಟೋ ತಿಳ್ಯಂಗಿಲ್ಲ’ ಎನ್ನುತ್ತಿದ್ದರು. ಮರಳಿ ಬರುವಾಗ ಕಾಚಿಗುಡ ನಿಲ್ದಾಣ ಬರುವವರೆಗೂ ಅವಳು ಕೇಳುತ್ತಲೇ ಇದ್ದಳು: ಈ ಊರಿನ ಹೆಸರೇಕೆ ಹೀಗೆ, ಕೃಷ್ಣಾ ನದಿಯ ಆಚೆ ಯಾವ ಜಿಲ್ಲೆ, ಭಿನ್ನರಾಶಿಯನ್ನು ಭಾಗಿಸುವಾಗ ತಲೆಕೆಳಗು ಮಾಡುವುದೇಕೆ. ಕೊನೆಯದಕ್ಕೆ ನಮಗೆ ಉತ್ತರ ಗೊತ್ತಿರಲಿಲ್ಲ.