ಹಿತ್ತಲ ಬಾಗಿಲಿನಿಂದ ಬಚ್ಚಲ ಜಾಲರಿಗೆ

ಅರಿಕುಠಾರವೆಂಬ ಊರಿಗೆ ಚಾಮರಾಜನಗರ ಎಂದು ಹೆಸರಿಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು. ತಂದೆ ಹುಟ್ಟಿದ ಊರೆಂಬ ಅಭಿಮಾನದಿಂದ 1826ರಲ್ಲಿ ಚಾಮರಾಜೇಶ್ವರನ ಗುಡಿಯನ್ನೂ ಕಟ್ಟಿಸಿದರು. ಗುಂಡ್ಲುಪೇಟೆಗೂ ಅರಸರ ನಂಟಿದೆ, ವಿಜಯನಾರಾಯಣನ ಗುಡಿಯಿದೆ. ಗುಡಿ, ಪೇಟೆ, ರಥಬೀದಿಗಳ ಚರಿತ್ರೆ ಶಾಸನಗಳಲ್ಲೂ ಗೆಜೆಟಿಯರುಗಳಲ್ಲೂ ಸಿಗುತ್ತದೆ. ಆದರೆ ಆ ಬೀದಿಗಳ ಮನೆಗಳ ಹೊಲಸು ಎಲ್ಲಿಗೆ ಹೋಯಿತು, ಅದನ್ನು ಯಾರು ಹೊತ್ತರು ಎಂಬುದನ್ನು ಹಳೆಯ ಮೈಸೂರು ಸೀಮೆಯ ಮನೆಗಳ ರಚನೆಯಲ್ಲೇ ಓದಿಕೊಳ್ಳಬೇಕು. ದೇವರ ಕೋಣೆ ಒಳಗೆ, ಬಚ್ಚಲು ಹಿಂದೆ, ಪಾಯಿಖಾನೆ ಹಿತ್ತಲ ಕೊನೆಗೆ. ಮೈಸೂರು, ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಇಂದಿಗೂ ಉಳಿದಿರುವ ಕನ್ಸರ್ವೆನ್ಸಿ ಗಲ್ಲಿಗಳು, ಮಲದ ಬಕೆಟ್ಟು ಹೊರುವವರು ಮುಂಬಾಗಿಲಿಗೆ ಬಾರದಂತೆ, ಮನೆಯವರ ಕಣ್ಣಿಗೆ ಬೀಳದಂತೆ ಬಿಟ್ಟ ದಾರಿಗಳು. ಮನೆಯೊಳಗೆ ಕೊಳಚೆ ಉಕ್ಕಿದಾಗ ನಾವು ಇಂದು ಮಾಡುವ ತಪ್ಪುಗಳ ಬೇರು ಆ ಗಲ್ಲಿಯಲ್ಲಿದೆ ಎಂಬುದು ನನ್ನ ವಾದ. ಹೊಲಸು ಕಣ್ಣಿಂದ ಮರೆಯಾದರೆ ಸಾಕು, ಅದನ್ನು ಮುಟ್ಟುವವರು ಬೇರೆ ಯಾರೋ ಇದ್ದಾರೆ ಎಂಬ ಎರಡು ನಂಬಿಕೆಗಳನ್ನು ಅದು ನಮಗೆ ಕಲಿಸಿತು.

ಪಾಯಿಖಾನೆಯ ರೂಪ ಬದಲಾದಷ್ಟು ಬೇಗ ಈ ನಂಬಿಕೆಗಳು ಬದಲಾಗಲಿಲ್ಲ. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಅವರ ಸರ್ಕಾರದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಆದೇಶ ಹೊರಡಿಸಿದರು. ದೇಶದ ಕಾಯ್ದೆ ಬಂದದ್ದು ಅದಾದ ಎರಡು ದಶಕದ ಮೇಲೆ, 1993ರಲ್ಲಿ. ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಬದುಕನ್ನು ಕುರಿತು 1976ರಲ್ಲಿ ವರದಿ ಕೊಟ್ಟಿತು. ಇಷ್ಟಾಗಿಯೂ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಕುಟುಂಬಗಳವರು ಪುರಸಭೆಯ ಎದುರು ಮೈಗೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಬಕೆಟ್ಟಿನ ಜಾಗಕ್ಕೆ ಪಿಟ್ಟು ಬಂತು, ಪಿಟ್ಟಿನ ಜಾಗಕ್ಕೆ ಸೆಪ್ಟಿಕ್ ಟ್ಯಾಂಕು, ಆಮೇಲೆ ಒಳಚರಂಡಿಯ (ಯುಜಿಡಿ) ಪೈಪು. ಮೊದಲು ಹಿತ್ತಲಲ್ಲಿದ್ದ ಪಾಯಿಖಾನೆ ಈಗ ಮಲಗುವ ಕೋಣೆಯ ಮಗ್ಗುಲಿಗೆ ಬಂದಿದೆ. ಹಾಗಾಗಿ ಲೈನು ಕಟ್ಟಿಕೊಂಡರೆ ಕೊಳಚೆ ಉಕ್ಕುವುದೂ ಮನೆಯ ನಡುವಿನಲ್ಲೇ. ನೀರು ತಗ್ಗಿನ ಬಾಯನ್ನೇ ಹುಡುಕುತ್ತದೆ. ಬೀದಿಯ ಚೇಂಬರಿನ ಮಟ್ಟಕ್ಕಿಂತ ಮನೆಯ ನೆಲ ತಗ್ಗಿದ್ದರೆ ಮೊದಲು ತುಂಬುವುದು ಬಚ್ಚಲ ಜಾಲರಿ.

ಉಕ್ಕುವುದಕ್ಕೆ ಕಾರಣಗಳು ಗುಟ್ಟೇನಲ್ಲ. ಅಡುಗೆಯ ಜಿಡ್ಡು, ಬಟ್ಟೆಯ ಚೂರು, ಸ್ಯಾನಿಟರಿ ಪ್ಯಾಡು ಪೈಪಿನಲ್ಲಿ ಗಂಟಾಗುತ್ತವೆ. ತಾರಸಿಯ ಮಳೆನೀರನ್ನು ಯುಜಿಡಿಗೆ ಕೊಟ್ಟರೆ, ಮನೆಬಳಕೆಯ ನೀರಿಗೆಂದು ಹಾಕಿದ ಪೈಪು ಒಂದೇ ಜೋರು ಮಳೆಗೆ ಬಾಯಿ ಕಟ್ಟುತ್ತದೆ. ಚಾಮರಾಜನಗರದ ಸೀಮೆಯನ್ನು ಬರದ ಸೀಮೆ ಎನ್ನುವುದುಂಟು. ಆದರೆ 2022ರಲ್ಲಿ ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳು ತುಂಬಿ ಹರಿದು ಯಳಂದೂರು ತಾಲ್ಲೂಕಿನ ಹಳ್ಳಿಗಳಿಗೆ ನೀರು ನುಗ್ಗಿತು. ಹಾಗೆ ನೆಲ ನೆನೆದ ಕಾಲದಲ್ಲಿ ಪಿಟ್ಟಿನ ನೀರು ಇಂಗುವುದಿಲ್ಲ, ಮೇಲಕ್ಕೇ ಬರುತ್ತದೆ. ಬರಗಾಲದ ಅಪಾಯ ಇನ್ನೊಂದು ಬಗೆಯದು. ಗುಂಡ್ಲುಪೇಟೆ ತಾಲ್ಲೂಕು ಅಂತರ್ಜಲವನ್ನು ಮಿತಿಮೀರಿ ಎತ್ತಿದ ತಾಲ್ಲೂಕುಗಳಲ್ಲಿ ಒಂದು. ಬೋರ್‌ವೆಲ್ಲಿನ ಪಕ್ಕದಲ್ಲೇ ಪಿಟ್ಟು ತೋಡಿದರೆ ಒಂದರ ಹೊಲಸು ಇನ್ನೊಂದಕ್ಕೆ ಇಳಿಯಬಹುದು. ಕುಡಿಯುವ ನೀರನ್ನು ಬಿಟ್ಟು ಬಿಟ್ಟು ಕೊಡುವಲ್ಲಿ, ನೀರು ನಿಂತ ಹೊತ್ತಿನಲ್ಲಿ ಸುತ್ತಲಿನ ಕೊಳಚೆಯನ್ನು ಒಡೆದ ಪೈಪು ಒಳಕ್ಕೆ ಎಳೆದುಕೊಳ್ಳುತ್ತದೆ. ಹೀಗೆ ಒಂದು ಮನೆಯ ಬಚ್ಚಲಲ್ಲಿ ಉಕ್ಕಿದ್ದು ಇಡೀ ಬೀದಿಯ ವಾಂತಿಭೇದಿಯಾಗಬಲ್ಲದು. ಟೈಫಾಯ್ಡ್, ಕಾಲರಾ, ಕಾಮಾಲೆ ತರುವ ಹೆಪಟೈಟಿಸ್ ಎ ಮತ್ತು ಇ ಹರಡುವುದು ಈ ದಾರಿಯಲ್ಲೇ. ಇಲಿಯ ಮೂತ್ರ ಬೆರೆತ ನೀರಿನಲ್ಲಿ ಗಾಯದ ಕಾಲಿಟ್ಟರೆ ಇಲಿಜ್ವರವೂ ಬರುತ್ತದೆ.

ಫಿನಾಯಿಲ್ ಹಾಕಿ ತೊಳೆದರೆ ಸಾಲದೇ ಎಂದು ಕೇಳುವವರಿದ್ದಾರೆ. ಹೊಲಸಿನ ಪದರ ಉಳಿದ ನೆಲಕ್ಕೆ ಅದನ್ನು ಸುರಿದರೆ ವಾಸನೆ ಮುಚ್ಚಿಹೋಗುತ್ತದೆ, ರೋಗಾಣು ಉಳಿಯುತ್ತದೆ. ವಾಸನೆ ಹೋದರೆ ಶುಚಿಯಾಯಿತು ಎಂಬುದು ಹಿತ್ತಲ ಗಲ್ಲಿಯ ನಂಬಿಕೆಯ ಮುಂದುವರಿಕೆ. ಸರಿಯಾದ ಕ್ರಮ ನಿಧಾನದ್ದು. ಮನೆಯಲ್ಲಿ ನೀರು ಬಳಸುವುದನ್ನು ಮೊದಲು ನಿಲ್ಲಿಸಬೇಕು. ಒಣನೆಲದಲ್ಲಿ ನಿಂತು ಮುಟ್ಟುವಂತಿದ್ದರೆ ಮಾತ್ರ ಮೈನ್ ಸ್ವಿಚ್ ಆರಿಸಬೇಕು. ಮಕ್ಕಳು, ಗರ್ಭಿಣಿಯರು, ಕಾಯಿಲೆಯವರು ಆ ಕಡೆ ಸುಳಿಯಬಾರದು. ಕಿಟಕಿ ತೆರೆದು, ಗಂಬೂಟು, ರಬ್ಬರ್ ಗ್ಲೌಸು, ಮಾಸ್ಕು ತೊಟ್ಟು ಮೊದಲು ಹೊಲಸನ್ನು ಬಳಿದು ತೆಗೆದು, ಸೋಪಿನ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಬ್ಲೀಚಿಂಗ್ ಪೌಡರಿನ ಸರದಿ ಆಮೇಲೆ. ಶೇ 30ರಷ್ಟು ಕ್ಲೋರಿನ್ ಇರುವ ಪುಡಿಯನ್ನು ಲೀಟರ್ ನೀರಿಗೆ ಸುಮಾರು 16 ಗ್ರಾಂ ಕದಡಿ, ನೆಲದ ಮೇಲೆ ಕನಿಷ್ಠ 10 ನಿಮಿಷ ಬಿಡಬೇಕು. ಜಂತುಹುಳುವಿನ ಮೊಟ್ಟೆ ಕ್ಲೋರಿನ್ನಿಗೂ ಜಗ್ಗುವುದಿಲ್ಲ, ಆದ್ದರಿಂದ ಉಜ್ಜುವ ಕೆಲಸವೇ ಮುಖ್ಯ. ಟಾಯ್ಲೆಟ್ ತೊಳೆಯುವ ಆಸಿಡ್ಡನ್ನು ಬ್ಲೀಚಿಂಗ್ ಪೌಡರಿನ ಜೊತೆ ಎಂದೂ ಬೆರೆಸಬಾರದು. ಬೆರೆಸಿದರೆ ಏಳುವುದು ಕ್ಲೋರಿನ್ ಅನಿಲ, ಕದ ಮುಚ್ಚಿದ ಬಚ್ಚಲಲ್ಲಿ ಅದು ಪುಪ್ಪುಸವನ್ನು ಸುಡುತ್ತದೆ. ಕೊಳಚೆಯಲ್ಲಿ ನೆನೆದ ಹಾಸಿಗೆ, ದಿಂಬು, ಅಕ್ಕಿ, ರಾಗಿಯನ್ನು ಬಿಸಿಲಿಗೆ ಹಾಕಿ ಉಳಿಸಿಕೊಳ್ಳಲು ಹೋಗಬಾರದು. ಬಡವರ ಮನೆಯಲ್ಲಿ ಇದು ದೊಡ್ಡ ನಷ್ಟ ನಿಜ, ಆದರೆ ಟೈಫಾಯ್ಡಿನ ಆಸ್ಪತ್ರೆ ಖರ್ಚು ಅದಕ್ಕಿಂತ ದೊಡ್ಡದು. ನೀರಿನ ಸಂಪಿನೊಳಕ್ಕೆ ಕೊಳಚೆ ಇಳಿದಿದ್ದರೆ ಅದನ್ನು ಖಾಲಿ ಮಾಡಿಸಿ, ತೊಳೆದು, ಕ್ಲೋರಿನ್ ಹಾಕುವವರೆಗೆ ಆ ನೀರು ಅಡುಗೆಗೂ ಸಲ್ಲದು.

ನೆಲ ತೊಳೆಯುವುದು ಮನೆಯವರ ಕೆಲಸ. ಚೇಂಬರಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಯುವುದು ಯಾರ ಕೆಲಸವೂ ಅಲ್ಲ. ಅಲ್ಲಿ ಕಟ್ಟಿಕೊಳ್ಳುವ ಹೈಡ್ರೋಜನ್ ಸಲ್ಫೈಡ್ ಮೊದಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಗಾಳಿಯಲ್ಲಿ ಅದು ದಶಲಕ್ಷಕ್ಕೆ 100 ಭಾಗದ ಹತ್ತಿರ ಬಂದರೆ ಮೂಗೇ ಸತ್ತುಹೋಗುತ್ತದೆ, ಇಳಿದವನಿಗೆ ವಾಸನೆ ನಿಂತಂತೆ ಕಾಣುತ್ತದೆ. 2017ರ ಮಾರ್ಚಿನಲ್ಲಿ ಬೆಂಗಳೂರಿನ ಕಗ್ಗದಾಸಪುರದಲ್ಲಿ ಮ್ಯಾನ್‌ಹೋಲಿಗೆ ಇಳಿದು ಮೂವರು ಸತ್ತರು. ಇಂಥ ಸಾವುಗಳಲ್ಲಿ ಮತ್ತೆ ಮತ್ತೆ ಕಾಣುವುದು ಒಂದೇ ಬಗೆ: ಒಬ್ಬ ಬಿದ್ದ, ಅವನನ್ನು ಎತ್ತಲು ಇನ್ನೊಬ್ಬ ಇಳಿದ. ಕಿರಿದಾದ ಬೀದಿಗೆ ಸಕ್ಕಿಂಗ್ ಗಾಡಿ ಬಾರದು ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಗಾಡಿ ದೂರ ನಿಂತರೂ ಪೈಪನ್ನು ಜೋಡಿಸಿ ಎಳೆಯಬಹುದು. ಅದೂ ಆಗದ ಕಡೆಗೆ ಸಣ್ಣ ಯಂತ್ರ ಕೊಳ್ಳುವುದು ನಗರಸಭೆ, ಪುರಸಭೆಗಳ ಹೊಣೆ. ಕೂಲಿಗೆ ಒಪ್ಪಿಯೇ ಬರುತ್ತಾರಲ್ಲ ಎನ್ನುವ ಮಾತನ್ನು ನಾನು ಒಪ್ಪಲಾರೆ. ಹಸಿವಿನ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲಾಗದು, ಕಾನೂನೂ ಹಾಗೆ ಎಣಿಸುವುದಿಲ್ಲ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ 7ನೇ ಕಲಮು, ರಕ್ಷಣಾ ಸಾಧನ ಮತ್ತು ಮುನ್ನೆಚ್ಚರಿಕೆಗಳಿಲ್ಲದೆ ಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಜನರನ್ನು ಇಳಿಸುವುದನ್ನು ಸ್ಥಳೀಯ ಸಂಸ್ಥೆಗೆ ಮಾತ್ರವಲ್ಲ, ಯಾವುದೇ ವ್ಯಕ್ತಿಗೆ ನಿಷೇಧಿಸುತ್ತದೆ. ಆ ವ್ಯಕ್ತಿಗಳಲ್ಲಿ ಮನೆಯ ಯಜಮಾನನೂ ಸೇರುತ್ತಾನೆ. ಮೊದಲ ತಪ್ಪಿಗೆ 2 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಬೇಕೆಂದು 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

ಯುಜಿಡಿ ಪೂರ್ತಿಯಾದರೆ ಎಲ್ಲ ಸರಿಹೋಗುತ್ತದೆ ಎಂದು ಕಾಯುವುದೂ ಹಳೆಯ ನಂಬಿಕೆಯೇ, ಪೈಪೊಂದು ನಮ್ಮ ಹೊಲಸನ್ನು ಕಾಣದ ಕಡೆಗೆ ಒಯ್ಯಲಿ ಎಂಬುದು. ಯುಜಿಡಿ ಬೇಕು, ಅದರ ಜೊತೆಗೆ ಮನೆಯವರ ಎಚ್ಚರವೂ ಬೇಕು. ಸೆಪ್ಟಿಕ್ ಟ್ಯಾಂಕನ್ನು ತುಂಬಿ ಉಕ್ಕುವ ತನಕ ಬಿಡದೆ ಎರಡು ಮೂರು ವರ್ಷಕ್ಕೊಮ್ಮೆ ಗಾಡಿಯಿಂದ ಖಾಲಿ ಮಾಡಿಸಿ. ತಗ್ಗಿನ ಮನೆಯಾದರೆ ಹೊರಪೈಪಿಗೆ ನಾನ್‌ರಿಟರ್ನ್ ವಾಲ್ವ್ ಹಾಕಿಸಿ. ತಾರಸಿಯ ನೀರನ್ನು ಯುಜಿಡಿಯಿಂದ ಬಿಡಿಸಿ. ಕಟ್ಟಿಕೊಂಡ ದಿನ ನಗರಸಭೆಗೋ ಪುರಸಭೆಗೋ ಫೋನು ಮಾಡಿ, ಯಂತ್ರ ಬರುವುದು ಮರುದಿನವಾದರೂ ಕಾಯಿರಿ, ಯಾರನ್ನೂ ಒಳಗೆ ಇಳಿಸಬೇಡಿ.