ಏರು ಹತ್ತಿಸುವ ಎರಡನೇ ಪೆಟ್ಟಿಗೆ

ಬಯಲುಸೀಮೆ ಮುಗಿದು ಮಲೆನಾಡು ಶುರುವಾಗುವ ಅಂಚಿನಲ್ಲಿರುವ ಊರು ಕೊಣನೂರು. ಅರಕಲಗೂಡು ತಾಲ್ಲೂಕಿನ, ಕಾವೇರಿ ದಂಡೆಯ ಈ ಹೋಬಳಿ ಕೇಂದ್ರದ ಸುತ್ತ ಭತ್ತ, ಹೊಗೆಸೊಪ್ಪು ಬೆಳೆಯುವ ನೆಲವಿದೆ. ಪಶ್ಚಿಮಕ್ಕೆ ಮುಖ ಮಾಡಿ ಹೊರಟರೆ ಕಾಫಿ ತೋಟ, ಏರು, ತಿರುವು, ಬಿಡದ ಮಳೆ. ಊರಿನ ಹೆಸರನ್ನೇ ಹೊತ್ತ ಕೊಣನೂರು–ಮಾಕುಟ್ಟ ರಾಜ್ಯ ಹೆದ್ದಾರಿ ಕೊಡಗನ್ನು ಹಾದು ಕೇರಳದ ಗಡಿ ಮುಟ್ಟುತ್ತದೆ. ಡಾಂಬರು ಇರುವವರೆಗೆ ಯಾವ ವಾಹನವಾದರೂ ಸಾಗೀತು. ಡಾಂಬರು ಬಿಟ್ಟು ಮಳೆಗಾಲದ ತೋಟದ ದಾರಿಗೆ ಇಳಿದ ಮೇಲೆ ಮಾತ್ರ ಗಾಡಿಯ ಬೆಲೆ, ಬಣ್ಣ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಏಳುವ ಪ್ರಶ್ನೆ ಒಂದೇ: ಗಾಡಿಗೆ ಲೋ ಗೇರ್ ಇದೆಯೇ?

ಈ ಲೋ ಗೇರ್ ಅಡಗಿರುವುದು ಗೇರ್ ಬಾಕ್ಸಿನ ಹಿಂದಿರುವ ಇನ್ನೊಂದು ಪೆಟ್ಟಿಗೆಯಲ್ಲಿ. ಅದರ ಹೆಸರು ಟ್ರಾನ್ಸ್‌ಫರ್ ಕೇಸ್. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳ ಜೊತೆಗೆ ಮುಂದಿನ ಚಕ್ರಗಳಿಗೂ ಹಂಚುವುದು ಅದರ ಮೊದಲ ಕೆಲಸ. ವೇಗ ಇಳಿಸಿ ಬಲ ಹೆಚ್ಚಿಸುವುದು ಎರಡನೆಯದು. ಕೆಲವರು ಈ ಪೆಟ್ಟಿಗೆಯನ್ನೇ ಬಿಚ್ಚಿ, ಇನ್ನೂ ‘ತಗ್ಗಿನ’ ಗೇರ್ ಇರುವ ಬೇರೆ ಪೆಟ್ಟಿಗೆ ಕೂಡಿಸುತ್ತಾರೆ. ನೋಡುವವರಿಗೆ ಇದು ಹುಡುಗರ ಹುಚ್ಚಿನಂತೆ ಕಂಡೀತು. ಆದರೆ ಇದರ ಹಿಂದೆ ಎಂಟು ದಶಕಗಳ ಇತಿಹಾಸವಿದೆ.

ಹಾರೆಯ ಲೆಕ್ಕ

ಹಾರೆಯಿಂದ ಕಲ್ಲು ಮೀಟುವವನನ್ನು ನೋಡಿ. ಅವನ ಕೈ ಒಂದು ಮೊಳ ಇಳಿದರೆ ಕಲ್ಲು ಎರಡು ಬೆರಳಿನಷ್ಟು ಏಳುತ್ತದೆ. ದೂರದಲ್ಲಿ ಕಳೆದುಕೊಂಡದ್ದು ಬಲವಾಗಿ ಮರಳುತ್ತದೆ. ಗೇರ್ ಮಾಡುವುದೂ ಇದನ್ನೇ. ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎಕ್ಸಲಿನ ಕ್ರೌನ್ ಪಿನಿಯನ್ ಈ ಮೂರೂ ಕಡೆ ಎಂಜಿನ್ನಿನ ಸುತ್ತುಗಳು ಕಡಿಮೆಯಾಗುತ್ತ, ಬಲ ಹೆಚ್ಚುತ್ತ ಹೋಗುತ್ತದೆ. ಮೂರರ ಪ್ರಮಾಣವನ್ನು ಗುಣಿಸಿದರೆ, ಚಕ್ರ ಒಂದು ಸುತ್ತು ಬರಲು ಎಂಜಿನ್ ಎಷ್ಟು ಸುತ್ತಬೇಕೆಂಬುದು ತಿಳಿಯುತ್ತದೆ. ಸಣ್ಣ ಎಂಜಿನ್ನಿನ ಗಾಡಿಗೆ ಈ ಗುಣಾಕಾರವೇ ಜೀವ.

ಏರಿಗಿಂತ ಇಳಿಜಾರಿನಲ್ಲಿ ಇದರ ಉಪಯೋಗ ದೊಡ್ಡದು. ಒದ್ದೆ ಮಣ್ಣಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ಜಾರುತ್ತಲೇ ಇರುತ್ತದೆ. ಲೋ ಗೇರ್ ಹಾಕಿ ಕಾಲು ತೆಗೆದರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ನಿಧಾನವಾಗಿ ಇಳಿಸುತ್ತದೆ. ಚಕ್ರ ತಿರುಗುತ್ತಲೇ ಇರುವುದರಿಂದ ಸ್ಟೀರಿಂಗ್ ಮಾತು ಕೇಳುತ್ತದೆ. ಬೆಟ್ಟದ ದಾರಿಯಲ್ಲಿ ಇದು ಜೀವ ಉಳಿಸುವ ಸಂಗತಿ.

ಯುದ್ಧದಿಂದ ಹೊಲಕ್ಕೆ

1940ರಲ್ಲಿ ಅಮೆರಿಕದ ಸೈನ್ಯ ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಹಗುರ ವಾಹನಕ್ಕೆ ಟೆಂಡರ್ ಕರೆಯಿತು. ಬ್ಯಾಂಟಮ್ ಎಂಬ ಸಣ್ಣ ಕಂಪೆನಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೊದಲ ಮಾದರಿ ಒಪ್ಪಿಸಿತು. ಮುಂದೆ ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು ಲಕ್ಷಗಟ್ಟಲೆ ತಯಾರಿಸಿದ ಜೀಪಿನ ಮೂಲ ಇದು. ಯುದ್ಧಕಾಲದ ವಿಲ್ಲಿಸ್ ಜೀಪಿನ ಟ್ರಾನ್ಸ್‌ಫರ್ ಕೇಸಿನಲ್ಲಿ ಹೈ ಗೇರಿನ ಪ್ರಮಾಣ 1, ಲೋ ಗೇರಿನದು 1.97. ಮೊದಲ ಗೇರ್ ಮತ್ತು ಎಕ್ಸಲಿನ ಪ್ರಮಾಣ ಸೇರಿಸಿ ಗುಣಿಸಿದರೆ ಒಟ್ಟು ಸುಮಾರು 26. ಸೈನ್ಯಕ್ಕೆ ಕೆಸರೂ ದಾಟಬೇಕಿತ್ತು, ರಸ್ತೆಯಲ್ಲಿ ವೇಗವೂ ಬೇಕಿತ್ತು.

ಯುದ್ಧ ಮುಗಿಯುತ್ತಿದ್ದಂತೆ, 1945ರಲ್ಲಿ ವಿಲ್ಲಿಸ್ ಕಂಪೆನಿ ‘ಸಿಜೆ–2ಎ’ ಎಂಬ ನಾಗರಿಕ ಜೀಪನ್ನು ಹೊರತಂದಿತು. ಅದರ ಮುಖ್ಯ ಗಿರಾಕಿ ರೈತ. ಉಳಬೇಕು, ಹೊರೆ ಎಳೆಯಬೇಕು, ಯಂತ್ರ ತಿರುಗಿಸಬೇಕು. ಹೀಗಾಗಿ ಕಂಪೆನಿಯೇ ಟ್ರಾನ್ಸ್‌ಫರ್ ಕೇಸಿನ ಲೋ ಗೇರನ್ನು ಸುಮಾರು 2.4ಕ್ಕೆ ಇಳಿಸಿತು. ಎಕ್ಸಲಿನ ಪ್ರಮಾಣವನ್ನು 4.88ರಿಂದ 5.38ಕ್ಕೆ ಬದಲಿಸಿತು. ಒಟ್ಟು ಪ್ರಮಾಣ 26ರಿಂದ 37ರ ಹತ್ತಿರ ಬಂತು. ಎಂಜಿನ್ ನಿಮಿಷಕ್ಕೆ ಸಾವಿರ ಸುತ್ತು ತಿರುಗುವಾಗ ಸೈನ್ಯದ ಜೀಪು ಮೊದಲ ಲೋ ಗೇರಿನಲ್ಲಿ ಗಂಟೆಗೆ ಸುಮಾರು 5 ಕಿ.ಮೀ. ಸಾಗಿದರೆ, ರೈತನ ಜೀಪು ಮೂರೂವರೆ ಕಿ.ಮೀ. ಸಾಗುತ್ತಿತ್ತು. ಅಂದರೆ ಎತ್ತಿನ ಗಾಡಿಯ ನಡಿಗೆ. ‘ಗೇರ್ ತಗ್ಗಿಸುವ’ ಕೆಲಸಕ್ಕೆ ಮೊದಲು ಕೈಹಾಕಿದ್ದು ಕಾರ್ಖಾನೆಯೇ.

ಅದೇ 1945ರಲ್ಲಿ ಮಹೀಂದ್ರಾ ಅಂಡ್ ಮೊಹಮ್ಮದ್ ಹೆಸರಿನ ಕಂಪೆನಿ ಹುಟ್ಟಿತು. 1948ರಲ್ಲಿ ಮಹೀಂದ್ರಾ ಅಂಡ್ ಮಹೀಂದ್ರಾ ಎಂದಾದ ಈ ಸಂಸ್ಥೆ ವಿಲ್ಲಿಸ್ ಜೀಪಿನ ಭಾಗಗಳನ್ನು ತರಿಸಿ ಜೋಡಿಸಿತು, ಮುಂದೆ ಇಲ್ಲಿಯೇ ತಯಾರಿಸಿತು. ಮಲೆನಾಡು, ಕೊಡಗಿನ ತೋಟಗಳಿಗೆ ಬಂದದ್ದು ಈ ವಂಶದ ಜೀಪುಗಳು. ಆದರೆ ಜೀಪೆಂದು ಕರೆಸಿಕೊಂಡ ಎಲ್ಲಕ್ಕೂ ಟ್ರಾನ್ಸ್‌ಫರ್ ಕೇಸ್ ಇರಲಿಲ್ಲ. ಹಿಂದಿನ ಎರಡು ಚಕ್ರಗಳಿಗಷ್ಟೇ ಶಕ್ತಿ ಕೊಡುವ ಜೀಪುಗಳೂ ಸಾಕಷ್ಟು ಮಾರಾಟವಾದವು. ಜನ ತುಂಬಿಕೊಂಡು ಊರೂರು ತಿರುಗಲು ಅಷ್ಟು ಸಾಕಿತ್ತು. ‘ಫೋರ್ ವೀಲ್ ಜೀಪು’ ಎಂದು ಬಿಡಿಸಿ ಹೇಳುವ ರೂಢಿಯ ಹಿಂದಿರುವುದು ಈ ವ್ಯತ್ಯಾಸ. ಮಡಿಕೇರಿ ಬಳಿಯ ಮಾಂದಲಪಟ್ಟಿಯ ಕಡಿದಾದ ದಾರಿಯಲ್ಲಿ ಪ್ರವಾಸಿಗರನ್ನು ಹೊತ್ತೊಯ್ಯುವುದೂ ಇಂಥ ಫೋರ್ ವೀಲ್ ಜೀಪುಗಳೇ.

ಜಿಪ್ಸಿಯ ಅದಲುಬದಲು

1985ರ ಕೊನೆಯಲ್ಲಿ ಮಾರುತಿ ಕಂಪೆನಿ ಜಿಪ್ಸಿಯನ್ನು ಮಾರುಕಟ್ಟೆಗೆ ತಂದಿತು. ಜಪಾನಿನ ಸುಜುಕಿ ‘410’ರ ಭಾರತೀಯ ರೂಪ ಇದು. ಎಂಜಿನ್ ಕೇವಲ 970 ಸಿಸಿ. ಇಷ್ಟು ಸಣ್ಣ ಎಂಜಿನ್ನಿಗೆ ಆಸರೆಯಾಗಲೆಂದು ‘410’ರ ಟ್ರಾನ್ಸ್‌ಫರ್ ಕೇಸಿನಲ್ಲಿ ಲೋ ಗೇರನ್ನು 2.511ಕ್ಕೆ, ಹೈ ಗೇರನ್ನೂ 1.580ಕ್ಕೆ ಇಳಿಸಲಾಗಿತ್ತು. 1996ರಲ್ಲಿ 1300 ಸಿಸಿಯ ‘ಜಿಪ್ಸಿ ಕಿಂಗ್’ ಬಂತು. ಎಂಜಿನ್ ಬಲವಾದ್ದರಿಂದ ‘413’ ಎಂಬ ಈ ಪೀಳಿಗೆಯ ಪೆಟ್ಟಿಗೆಯಲ್ಲಿ ಪ್ರಮಾಣ 2.268 ಮತ್ತು 1.409 ಆಯಿತು. ಹೆದ್ದಾರಿಯ ಓಟಕ್ಕೆ ಇದು ಹಿತ. ಏರಿನ ದಾರಿಗೆ ಮಾತ್ರ ಒಂದು ಹೆಜ್ಜೆ ಹಿಂದೆ.

ಇದರ ಮೇಲೆ ದೊಡ್ಡ ಟೈರಿನ ಸಮಸ್ಯೆ. ಕಲ್ಲು, ಕೆಸರಿನಲ್ಲಿ ಹೊಟ್ಟೆ ತಾಗದಿರಲೆಂದು ಜನ ದೊಡ್ಡ ಟೈರ್ ಹಾಕಿಸುತ್ತಾರೆ. ಟೈರಿನ ವ್ಯಾಸ ಶೇ 10ರಷ್ಟು ಹೆಚ್ಚಿದರೆ ಚಕ್ರದ ಒಂದು ಸುತ್ತಿಗೆ ಗಾಡಿ ಸಾಗುವ ದೂರವೂ ಶೇ 10ರಷ್ಟು ಹೆಚ್ಚುತ್ತದೆ. ಎಲ್ಲ ಗೇರುಗಳೂ ಅಷ್ಟರಮಟ್ಟಿಗೆ ಭಾರವಾಗಿ ಎಂಜಿನ್ ಏದುಸಿರು ಬಿಡುತ್ತದೆ.

ಪರಿಹಾರ ಹಳೆಯ ಗಾಡಿಯಲ್ಲೇ ಇತ್ತು. ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಗೇರ್ ಬಾಕ್ಸಿಗೆ ಅಂಟಿಕೊಂಡಿಲ್ಲ. ನಡುವೆ ಒಂದು ಗಿಡ್ಡ ಶಾಫ್ಟ್ ಇದ್ದು, ಪೆಟ್ಟಿಗೆ ಪ್ರತ್ಯೇಕವಾಗಿ ಚಾಸಿಗೆ ತೂಗಿಕೊಂಡಿರುತ್ತದೆ. ಹೀಗಾಗಿ ಎಂಜಿನ್, ಗೇರ್ ಬಾಕ್ಸ್ ಮುಟ್ಟದೆ ಅದೊಂದನ್ನೇ ಇಳಿಸಬಹುದು. ಹಳೆಯ ‘410’ರ ಪೆಟ್ಟಿಗೆಯನ್ನು ‘413’ಕ್ಕೆ ಕೂಡಿಸಿದರೆ ಲೋ ಗೇರ್ ಸುಮಾರು ಶೇ 11, ಹೈ ಗೇರ್ ಶೇ 12ರಷ್ಟು ತಗ್ಗುತ್ತದೆ. ದೊಡ್ಡ ಟೈರು ಕಸಿದುಕೊಂಡದ್ದು ಹೆಚ್ಚುಕಡಿಮೆ ಪೂರ್ತಿ ಮರಳುತ್ತದೆ. ಸುಜುಕಿಯ ಈ ಪುಟ್ಟ ಗಾಡಿಗಳು ಓಡಿದ ಬೇರೆ ದೇಶಗಳಲ್ಲೂ ಆಸಕ್ತರು ಇದೇ ದಾರಿ ಹಿಡಿದರು. ವಿದೇಶಗಳಲ್ಲಿ ಬಂಡೆ ಹತ್ತಿಸುವ ಆಟಕ್ಕೆಂದು ಲೋ ಗೇರಿನ ಪ್ರಮಾಣ 4.16ರವರೆಗೂ ಇಳಿಯುವ ಹಲ್ಲುಚಕ್ರಗಳು ಮಾರಾಟಕ್ಕೆ ಬಂದವು.

ಗಳಿಕೆಯೂ ನಷ್ಟವೂ

ಈ ಅದಲುಬದಲು ಪುಕ್ಕಟೆಯಲ್ಲ. ‘410’ರ ಪೆಟ್ಟಿಗೆಯಲ್ಲಿ ಹೈ ಗೇರೂ ತಗ್ಗಿನದು. ಟೈರ್ ಬದಲಿಸದೆ ಇದನ್ನು ಕೂಡಿಸಿದರೆ, ಮೊದಲು 67 ಕಿ.ಮೀ. ವೇಗದಲ್ಲಿ ಕೇಳುತ್ತಿದ್ದ ಎಂಜಿನ್ನಿನ ಸದ್ದು ಈಗ 60ರಲ್ಲೇ ಕೇಳುತ್ತದೆ. ಕೊಣನೂರಿನಿಂದ ಹಾಸನಕ್ಕೆ ದಿನವೂ ಓಡಾಡುವವರಿಗೆ ಪೆಟ್ರೋಲ್ ಖರ್ಚು ಕಾಣದೆ ಇರದು. ಜೊತೆಗೆ, ಹೆಚ್ಚಿದ ಬಲವೆಲ್ಲ ಪ್ರೊಪೆಲ್ಲರ್ ಶಾಫ್ಟ್, ಎಕ್ಸಲುಗಳ ಮೂಲಕವೇ ಚಕ್ರ ತಲುಪಬೇಕು. ಸಿಕ್ಕಿಬಿದ್ದ ಗಾಡಿಯ ಮೇಲೆ ಲೋ ಗೇರಿನಲ್ಲಿ ಒಮ್ಮೆಲೇ ಜೋರು ಮಾಡಿದರೆ ಎಕ್ಸಲ್ ತುಂಡಾಗಬಹುದು.

ಕಾನೂನಿನ ಮಾತೂ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆ ಹಾಕುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಗಾಡಿಗೆ ಕೈಹಾಕುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಅದೇ 2019ರಲ್ಲಿ ಜಿಪ್ಸಿಯನ್ನು ಸಾರ್ವಜನಿಕರಿಗೆ ಮಾರುವುದೂ ನಿಂತಿತು. 2023ರಲ್ಲಿ ಮಾರುತಿ ತಂದ ಜಿಮ್ನಿಯ ಟ್ರಾನ್ಸ್‌ಫರ್ ಕೇಸಿನಲ್ಲಿ ಹೈ 1, ಲೋ ಸುಮಾರು 2. ಜಿಪ್ಸಿಯಲ್ಲಿ ಹೈಯಿಂದ ಲೋಗೆ ಬಂದರೆ ಬಲ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚುತ್ತಿತ್ತು, ಜಿಮ್ನಿಯಲ್ಲಿ ಎರಡು ಪಟ್ಟಾಗುತ್ತದೆ. ಹೆದ್ದಾರಿಗೂ ಏರಿಗೂ ಬೇರೆ ಬೇರೆ ಲೆಕ್ಕ ಬೇಕೆಂಬುದನ್ನು ಕಾರ್ಖಾನೆ ಈಗ ಒಂದೇ ಪೆಟ್ಟಿಗೆಯಲ್ಲಿ ಹೊಂದಿಸಿದೆ.

ಎಂಬತ್ತು ವರ್ಷಗಳ ಈ ಕಥೆಯಲ್ಲಿ ಮತ್ತೆ ಮತ್ತೆ ಬದಲಾದದ್ದು ಒಂದು ಸಣ್ಣ ಅಂಕಿ. ಸೈನಿಕನಿಗೆ 1.97 ಸಾಕಾಯಿತು, ರೈತನಿಗೆ 2.4 ಬೇಕಾಯಿತು. ಕಾರ್ಖಾನೆ ಹೆದ್ದಾರಿಯ ಕಡೆ ನೋಡಿ 2.268 ಕೊಟ್ಟಾಗ, ಏರಿನ ದಾರಿಯವರು ಹಳೆಯ ಗಾಡಿಯ 2.511ಕ್ಕೆ ಮರಳಿದರು. ಕಾರ್ಖಾನೆ ಗಾಡಿ ತಯಾರಿಸುವುದು ಎಲ್ಲ ಊರುಗಳಿಗೂ ಸೇರಿಸಿ. ಮಳೆ, ಮಣ್ಣು, ಏರು ಮಾತ್ರ ಆಯಾ ಊರಿನವು. ಈ ಎರಡರ ನಡುವಿನ ಅಂತರ ತುಂಬಲು ಯಾರೋ ಒಬ್ಬ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಗಾಡಿಯ ಕೆಳಗೆ ಮಲಗಬೇಕಾಗುತ್ತದೆ. ಜಿಪ್ಸಿಗಳು ಹಳತಾಗುತ್ತ ಹೋದಂತೆ ಆ ಪೆಟ್ಟಿಗೆ, ಅದರ ಬಿಡಿಭಾಗ ಸಿಗುವುದು ಕಷ್ಟವಾಗುತ್ತದೆ. ಅವುಗಳನ್ನು ಬಿಚ್ಚಿ ಕೂಡಿಸಬಲ್ಲ ಕೈಗಳೂ ಕಡಿಮೆಯಾದರೆ, ಮಲೆನಾಡಿನ ದಾರಿಗಳು ಕಲಿಸಿದ ಒಂದು ವಿದ್ಯೆ ಅವುಗಳ ಜೊತೆಗೇ ಹೋಗುತ್ತದೆ.